ಜಾಲ್ ಸೇಠರ ಡ್ರೈವರ್

ದಾದರಿನ ಪಾರ್ಸಿ ಕಾಲೊನಿಯಲ್ಲಿ ಮೋಟಾರು ಗಾಡಿಯ ವಿಷಯ ಬಂದರೆ ಕೊನೆಯ ಮಾತು ಕೇಕಿ ಗೋಟ್ಲಾನದು. ಯಾರ ಗಾಡಿ ಕೆಮ್ಮಿದರೂ ಮೊದಲು ಅವನಿಗೆ ಕರೆ ಹೋಗುತ್ತಿತ್ತು. ಅವನು ಬಂದು, ಬಾನೆಟ್ ಎತ್ತಿಸಿ, ಸಂಗೀತ ಕಛೇರಿಯ ಮುಂದಿನ ಸಾಲಿನಲ್ಲಿ ಕೂತವನಂತೆ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದನ್ನು ಆಲಿಸಿ, “ಪ್ಲಗ್ಗು” ಎನ್ನುತ್ತಿದ್ದ. ಕೆಲವು ಸಲ ಅದು ನಿಜಕ್ಕೂ ಪ್ಲಗ್ಗೇ ಆಗಿರುತ್ತಿತ್ತು. ಉಳಿದ ಸಲ ಜನ ಅವನ ಮನಸ್ಸು ನೋಯದಂತೆ ಕತ್ತಲಾಗುವವರೆಗೆ ಕಾದು ಮೆಕ್ಯಾನಿಕ್‌ನನ್ನು ಕರೆಸಿಕೊಳ್ಳುತ್ತಿದ್ದರು.

ಅವನ ಸ್ವಂತ ಗಾಡಿ ತಂದೆಯ ಕಾಲದ ಬೂದು ಬಣ್ಣದ ಮಾರಿಸ್ ಮೈನರ್. ಅದಕ್ಕೆ ನಡೆಯುತ್ತಿದ್ದ ಆರೈಕೆಯಲ್ಲಿ ಕಾಲು ಭಾಗ ತನಗೆ ಸಿಕ್ಕಿದ್ದರೆ ಮಂಡಿನೋವು ಬರುತ್ತಲೇ ಇರಲಿಲ್ಲ ಎಂದು ಹೆಂಡತಿ ಫ್ರೇನಿ ಹೇಳುತ್ತಿದ್ದಳು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ವರಳಿಯವರೆಗೆ ಹೋಗಿ, ಗಾಡಿಗೆ ಸಮುದ್ರ ತೋರಿಸಿ, ಹಿಂದಿರುಗಿ, ಹೊದಿಕೆ ಹೊದಿಸುವುದು. ಅದಕ್ಕಿಂತ ದೂರ ಓಡಿಸಿದರೆ ಎಂಜಿನ್ನು ಸವೆಯುತ್ತದೆ, ರಿಟೈರಾದ ಮೇಲೆ ಬೇಕು ಎಂಬುದು ಅವನ ವಾದ.

ರಿಟೈರಾದ ಮೇಲೆ ಅವನು ಮಾಡಲಿದ್ದ ಪ್ರವಾಸದ ವಿವರ ಇಡೀ ಕಾಲೊನಿಗೆ ಬಾಯಿಪಾಠವಾಗಿತ್ತು. ಊಟದ ಮೇಜಿನ ಮೇಲಿನ ಗೋಡೆಗೆ ಹಿಂದೂಸ್ತಾನದ ನಕ್ಷೆ ಅಂಟಿಸಿ ಕೆಂಪು ಪೆನ್ಸಿಲ್‌ನಲ್ಲಿ ದಾರಿ ಎಳೆದಿದ್ದ. ಸಂಜೆ ತೋಟದ ಕಲ್ಲುಬೆಂಚಿನ ಮೇಲೆ ಕೂತು, ಯಾವ ಊರಿನಲ್ಲಿ ಯಾವ ಹೊತ್ತಿಗೆ ಚಹಾ, ಯಾವ ಘಾಟಿಯಲ್ಲಿ ಯಾವ ಗೇರು ಎಂದು ಹೇಳುತ್ತಿದ್ದ. ವಿಮಾ ಕಂಪನಿಯಿಂದ ಅವನು ರಿಟೈರಾಗಿ ವರ್ಷ ಕಳೆಯಿತು. ಮೊದಲು ಬೇಸಗೆ, ಎಂಜಿನ್ನು ಕಾಯುತ್ತದೆ ಎಂದ. ಆಮೇಲೆ ಮಳೆ, ರಸ್ತೆ ಸರಿಯಿಲ್ಲ ಎಂದ. ಚಳಿಗಾಲ ಬಂದಾಗ ಹೇಳಲು ಏನೂ ಸಿಗದೆ ನಕ್ಷೆಗೆ ಕಟ್ಟು ಹಾಕಿಸಲು ಕೊಟ್ಟ. ನಿಜಾಂಶವೆಂದರೆ ಹೆದ್ದಾರಿಯ ಲಾರಿಗಳನ್ನು ಕಂಡರೆ ಅವನಿಗೆ ಎದೆ ನಡುಗುತ್ತಿತ್ತು. ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಪೂರ್ತಿಯಾಗಿ ಗೊತ್ತಿತ್ತೆಂದು ಹೇಳಲಾಗದು.

ಹೀಗಿರುವಾಗ ಎದುರು ಮನೆಯ ಜಾಲ್ ವಾಚಾ ಒಂದು ಓಡುವ ಮನೆಯನ್ನೇ ತಂದು ಕಾಲೊನಿಯ ನಡುವೆ ನಿಲ್ಲಿಸಿದ.

ಜಾಲ್ ಹಡಗು ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಆಯುಷ್ಯವನ್ನೆಲ್ಲ ಬಸ್ಸಿನಲ್ಲಿ ಕಳೆದವನು. ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ತಿಳಿಯದವನು. ಅಂಥವನು ತಂದೆಯ ಕಡೆಯ ಹಳೆಯ ಮನೆ ಮಾರಿ, ದೊಡ್ಡ ವ್ಯಾನು ಕೊಂಡು, ಅದರೊಳಗೆ ಮಂಚ, ಒಲೆ, ಫ್ರಿಜ್ಜು, ಕಿಟಕಿಗೆ ಹೂವಿನ ಪರದೆ, ಕೈ ತೊಳೆಯಲು ಪುಟ್ಟ ಬೇಸಿನ್ನು ಎಲ್ಲ ಮಾಡಿಸಿಕೊಂಡು ಬಂದಿದ್ದ. ಕಾಲೊನಿಗೆ ಕಾಲೊನಿಯೇ ಕೆಳಗಿಳಿದು ಬಂತು. ಚಪ್ಪಲಿ ಬಿಟ್ಟು ಸಾಲಾಗಿ ಒಳಗೆ ಹೋಗಿ ಇನ್ನೊಂದು ಬಾಗಿಲಿಂದ ಹೊರಗೆ ಬಂದರು. ಕೇಕಿ ಮಾತ್ರ ಬಾಲ್ಕನಿಯಿಂದ ನೋಡುತ್ತ, ಹಿಂಬದಿಯ ಚಕ್ರ ಚಿಕ್ಕದಾಯಿತು, ತೂಕ ಎಡಕ್ಕೆ ವಾಲಿದೆ, ಮೊದಲ ತಿರುವಿನಲ್ಲೇ ಮಗುಚುತ್ತದೆ ಎಂದು ಕೆಳಗಿನವರಿಗೆ ಕೇಳುವಂತೆ ಹೇಳಿದ. ಕೆಳಗಿನವರು ಬೇಸಿನ್ನಿನ ನಲ್ಲಿ ತಿರುಗಿಸಿ ನೀರು ಬರುವುದನ್ನು ನೋಡುವುದರಲ್ಲಿ ಮುಳುಗಿದ್ದರು.

ಫ್ರೇನಿ ನೋಡಿಕೊಂಡು ಬಂದವಳು ಊಟಕ್ಕೆ ಬಡಿಸುತ್ತ ಆ ಬೇಸಿನ್ನಿನ ವರ್ಣನೆ ಶುರುಮಾಡಿದಳು. ಎಷ್ಟು ಪುಟ್ಟದು, ಎಷ್ಟು ಬೆಳ್ಳಗೆ, ಪಕ್ಕದಲ್ಲೇ ಸಾಬೂನಿಗೆ ಗೂಡು. ಕೇಕಿಗೆ ಧನ್ಸಾಕ್ ಗಂಟಲಿಂದ ಇಳಿಯಲಿಲ್ಲ. ಆ ವಾರವೆಲ್ಲ ಅವನ ಹೊಟ್ಟೆ ಸರಿಯಿರಲಿಲ್ಲ. ಡಾಕ್ಟರು ನಾಲಿಗೆ ನೋಡಿ, ಏನು ತಿಂದಿರಿ ಎಂದು ಕೇಳಿದರು. ತಿಂದದ್ದಲ್ಲ, ನೋಡಿದ್ದು ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ.

ಸಂಜೆಯ ಬೆಂಚೂ ಕೈತಪ್ಪಿತು. ಈಗ ಜನ ವ್ಯಾನಿನ ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಜಾಲ್ ಒಳಗಿನ ಒಲೆಯಲ್ಲಿ ಪುದೀನಾ ಚಹಾ ಕಾಯಿಸಿ ಎಲ್ಲರಿಗೂ ಕೊಡುತ್ತಿದ್ದ. ಮೊದಲ ಪ್ರವಾಸ ನವಸಾರಿಗೆ. ಅಲ್ಲಿ ತನ್ನ ತಾಯಿಯ ತಂಗಿ ನಾಜಾಮಾಸಿಯ ಎಂಬತ್ತೈದನೆಯ ಹುಟ್ಟುಹಬ್ಬ. ದಾರಿಯಲ್ಲಿ ಉದ್ವಾಡದಲ್ಲಿ ಅಗ್ನಿದೇವಾಲಯದ ದರ್ಶನ ಎಂದು ಸಾರಿದ.

ಹೊರಡುವ ದಿನ ಹತ್ತಿರ ಬಂದಾಗ ಒಂದು ಸಣ್ಣ ತೊಡಕು ಬಯಲಾಯಿತು. ಜಾಲ್‌ಗೆ ಗಾಡಿ ಓಡಿಸಲು ಬರುವುದಿಲ್ಲ. ಯೌವನದಲ್ಲಿ ಲೈಸೆನ್ಸ್ ತೆಗೆದುಕೊಂಡದ್ದುಂಟು, ಆದರೆ ಅದು ಬ್ಯಾಂಕಿನಲ್ಲಿ ಗುರುತಿಗೆ ತೋರಿಸುವುದಕ್ಕೆ. ವ್ಯಾನನ್ನು ಕಾಲೊನಿಯೊಳಗೆ ತಂದು ನಿಲ್ಲಿಸಿದವನು ಗ್ಯಾರೇಜಿನವನು. ಜಾಲ್ ಒಂದು ಸಂಜೆ ಪೆಟ್ಟಿಗೆ ತುಂಬ ಮಾವಾ ಕೇಕು ಹಿಡಿದುಕೊಂಡು ಕೇಕಿಯ ಮನೆಗೆ ಬಂದ. ಇಡೀ ಮುಂಬಯಿಯಲ್ಲಿ ಈ ಗಾಡಿಗೆ ತಕ್ಕ ಕೈ ಒಂದೇ ಒಂದು, ಅದು ನಿನ್ನದು ಎಂದು ಬೆಣ್ಣೆ ಹಚ್ಚಿದ. ತಾನು, ಹೆಂಡತಿ ಖೋರ್ಶೆದ್, ಕೇಕಿ, ಫ್ರೇನಿ, ನಾಲ್ವರೂ ಹೋಗಿಬರೋಣ ಎಂದ.

ಕೇಕಿ ಬೇಡವೆನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಿಂದ ಫ್ರೇನಿ, “ಆಯ್ತು ಜಾಲ್, ನಾವು ಬರ್ತೀವಿ” ಎಂದಳು. ತೆರೆದ ಬಾಯಿಗೆ ಕೇಕಿ ಒಂದು ತುಂಡು ಕೇಕು ಹಾಕಿಕೊಂಡ.

ಜಾಲ್ ಹೋದ ಮೇಲೆ ಅವನು ರೇಗಿದ. ತನ್ನ ಸ್ವಂತ ಗಾಡಿ ಇರುವಾಗ ಇನ್ನೊಬ್ಬನ ಗಾಡಿಯಲ್ಲಿ ಹೋಗುವುದೇ ಎಂದ. ಫ್ರೇನಿ ಗೋಡೆಯ ನಕ್ಷೆಯನ್ನು ಒಮ್ಮೆ ನೋಡಿ, “ಮದುವೆಯಾದಾಗಿಂದ ನಾನು ನೋಡಿರೋ ಊರು ವರಳಿ ಒಂದೇ ಕೇಕಿ. ಅದೂ ಮುಂಬಯಿಯೊಳಗೇ ಇದೆ” ಎಂದಳು.

ಹೋಗುವುದೇ ಆದರೆ ಠೀವಿಯಿಂದ ಹೋಗಬೇಕೆಂದು ಕೇಕಿ ನಿರ್ಧರಿಸಿದ. ಬಹಳ ವರ್ಷಗಳ ಹಿಂದೆ ಒಂದು ವಿಲಾಯತಿ ಮೋಟಾರು ಪತ್ರಿಕೆಯಲ್ಲಿ ಯಾವುದೋ ಲಾರ್ಡ್ ಸಾಹೇಬ ತನ್ನ ಗಾಡಿಯ ಪಕ್ಕ ನಿಂತ ಚಿತ್ರ ನೋಡಿ, ಅಂಥದೇ ಉಡುಪು ಹೊಲಿಸಿಟ್ಟುಕೊಂಡಿದ್ದ. ಹಿತ್ತಾಳೆ ಗುಂಡಿಯ ಬಿಳಿ ಕೋಟು, ಮುಂದೆ ಕರಿ ಚುಂಚಿದ್ದ ಬಿಳಿ ಟೋಪಿ, ಚರ್ಮದ ಕೈಗವಸು. ಲಾರ್ಡ್ ಸಾಹೇಬನ ಮೈಮೇಲೆ ಅದು ಲಾರ್ಡ್ ಸಾಹೇಬನ ಉಡುಪಿನಂತೆ ಕಂಡಿರಬಹುದು. ಕೇಕಿಯ ಮೈಮೇಲೆ ಅದು ಹೇಗೆ ಕಂಡಿತೆಂಬುದಕ್ಕೆ ಮುಂದೆ ನಡೆದದ್ದೇ ಸಾಕ್ಷಿ.

ಹೊರಡುವ ಬೆಳಿಗ್ಗೆ ಕಾಲೊನಿಯ ಅಗ್ನಿದೇವಾಲಯದ ಪುರೋಹಿತ ದಸ್ತೂರ್‌ಜಿ ಬಂದು ಗಾಡಿಗೆ ಪ್ರಾರ್ಥನೆ ಹೇಳಿದರು. ಹೆಂಗಸರು ಬಾನೆಟ್ಟಿಗೆ ಹಾರ ಹಾಕಿ, ದೃಷ್ಟಿಯಾಗದಂತೆ ಟೈರಿಗೆ ಮೊಟ್ಟೆ ನಿವಾಳಿಸಿ ಒಡೆದರು. ಕೇಕಿ ಕೈಗವಸು ಏರಿಸಿಕೊಂಡು ಚಾಲಕನ ಆಸನದಲ್ಲಿ ಕೂತ. ಪಕ್ಕದ ಆಸನದಲ್ಲಿ ಫ್ರೇನಿ ಕೂರುತ್ತಾಳೆಂದು ಅದರ ಮೇಲಿನ ಧೂಳು ಒರೆಸಿದ. ಆದರೆ ಫ್ರೇನಿ, ಹಿಂದೆ ಕಾಲು ಚಾಚಬಹುದು, ಮಂಡಿಗೆ ಹಿತ ಎಂದು ಹಿಂದೆ ಹತ್ತಿದಳು. ಖೋರ್ಶೆದ್ ಮೊದಲೇ ಹತ್ತಿದ್ದಳು. ಜಾಲ್ ಕೂಡ, ಎಲ್ಲ ಸರಿಯಿದೆಯೇ ನೋಡಿಬರುತ್ತೇನೆಂದು ಹಿಂದೆ ಹೋದವನು ಬರಲೇ ಇಲ್ಲ. ಹೀಗೆ, ಇಷ್ಟು ವರ್ಷ ಕನಸು ಕಂಡ ಪ್ರವಾಸಕ್ಕೆ ಕೇಕಿ ಒಬ್ಬನೇ ಮುಂದೆ ಕೂತು ಹೊರಟ.

ಹೆದ್ದಾರಿ ಸಿಕ್ಕಿದಾಗ ಲಾರಿಗಳೂ ಸಿಕ್ಕವು. ಕೇಕಿ ಗಾಡಿಯನ್ನು ಎಡಕ್ಕೆ ತಂದು, ಮೂವತ್ತರ ವೇಗಕ್ಕೆ ಇಳಿಸಿ, ಅದಕ್ಕಿಂತ ಒಂದು ಕೂದಲೆಳೆಯಷ್ಟೂ ಮೇಲೇರದಂತೆ ಕಾದುಕೊಂಡ. ಲಾರಿಗಳು ಹಾರನ್ನು ಬಾರಿಸಿ ಬೈದುಕೊಂಡು ದಾಟಿಹೋದವು. ಆಮೇಲೆ ಟ್ರ್ಯಾಕ್ಟರುಗಳು ದಾಟಿದವು. ಬೆನ್ನ ಹಿಂದಿನ ಪುಟ್ಟ ಗಾಜಿನ ಕಿಂಡಿಯಿಂದ ಮೊದಲು ಈರುಳ್ಳಿ ಬಾಡಿಸುವ ವಾಸನೆ ಬಂತು, ಆಮೇಲೆ ಮೊಟ್ಟೆಯ ಅಕೂರಿಯ ಘಮ, ಆಮೇಲೆ ನಗು. ಜಾಲ್ ಏನೋ ಹೇಳುತ್ತಿದ್ದ, ಫ್ರೇನಿ ಮಂಚಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ತಾನು ಹೇಳಿದ ಯಾವ ಮಾತಿಗೆ ಅವಳು ಹೀಗೆ ನಕ್ಕಿದ್ದಳೆಂದು ಕೇಕಿ ವಾಪಿಯವರೆಗೆ ಯೋಚಿಸಿದ. ಸಿಗಲಿಲ್ಲ. ಅವನ ಪಾಲಿನ ಅಕೂರಿ ಕಿಂಡಿಯಿಂದ ಬಂದಾಗ ತಣ್ಣಗಾಗಿತ್ತು.

ವಾಪಿ ದಾಟಿದ ಮೇಲೆ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಕೇಕಿ ಬೆವರಿದ. ಪೊಲೀಸ ಅವನ ಲೈಸೆನ್ಸ್ ನೋಡಲಿಲ್ಲ. ಅವನ ಟೋಪಿ ನೋಡಿ, ನೇರವಾಗಿ ಹಿಂದಿನ ಕಿಟಕಿಗೆ ಹೋಗಿ, ಹೂವಿನ ಪರದೆಯ ನಡುವೆ ಕಾಣಿಸಿದ ಜಾಲ್‌ಗೆ ಸಲಾಮು ಹೊಡೆದ. ಗಾಡಿಯ ಹಿಂದೆ ಎರಡು ಮೈಲಿ ವಾಹನಗಳು ಸಾಲುಗಟ್ಟಿವೆ ಎಂದು ತಿಳಿಸಿ, “ಸೇಠ್‌ಜಿ, ನಿಮ್ಮ ಡ್ರೈವರ್‌ಗೆ ವಯಸ್ಸಾಯ್ತು. ಕಣ್ಣು ಕಾಣ್ಸಲ್ವೇನೋ. ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ” ಎಂದ.

ಕೇಕಿ ಕಿಂಡಿಗೆ ಕಿವಿಯಾನಿಸಿದ. ಈಗ ಜಾಲ್ ನಕ್ಕು, ಅವನು ಡ್ರೈವರ್ ಅಲ್ಲಪ್ಪ, ನನ್ನ ಸ್ನೇಹಿತ, ದೊಡ್ಡ ಆಫೀಸರಾಗಿದ್ದವನು ಎನ್ನುತ್ತಾನೆ ಎಂದುಕೊಂಡ. ಆದರೆ ಜಾಲ್‌ನನ್ನು ಸೇಠ್ ಎಂದು ಆವರೆಗೆ ಯಾರೂ ಕರೆದಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡು, “ಹಳಬ. ಬಹಳ ನಂಬಿಕಸ್ಥ” ಎಂದ.

ಉದ್ವಾಡದ ಧರ್ಮಶಾಲೆಯ ಮ್ಯಾನೇಜರು ಬಾಗಿಲಲ್ಲೇ ನಿಂತಿದ್ದ. ಗಾಡಿಯಿಂದ ಇಳಿದ ಜಾಲ್‌ಗೂ ಹೆಂಗಸರಿಗೂ ಗುಲಾಬಿ ಶರಬತ್ತು ಕೊಟ್ಟು ಮೇಲೆ ಕಳಿಸಿದ. ಸಾಮಾನು ಇಳಿಸುತ್ತಿದ್ದ ಕೇಕಿಯನ್ನು ಮೇಲಿಂದ ಕೆಳಗೆ ನೋಡಿ, “ನಮ್ಮವನೇ ಡ್ರೈವರ್! ಈಗಿನ ಕಾಲದಲ್ಲಿ ಪಾರ್ಸಿ ಡ್ರೈವರ್ ಇಟ್ಟಿದ್ದಾರೆ ಅಂದ್ರೆ ನಿಮ್ಮ ಸೇಠರು ಸಾಮಾನ್ಯರಲ್ಲ ಬಿಡು” ಎಂದು ಮೆಚ್ಚಿಕೊಂಡ. ಕೇಕಿ ತಾನು ಡ್ರೈವರ್ ಅಲ್ಲವೆಂದ. ಮ್ಯಾನೇಜರು ಸಮಾಧಾನದ ಧ್ವನಿಯಲ್ಲಿ, ಒಳ್ಳೆಯ ಮನೆಯಲ್ಲಿ ಬಹಳ ಕಾಲ ಇದ್ದವರಿಗೆಲ್ಲ ಹಾಗನ್ನಿಸುತ್ತದೆ ಎಂದು ಹೇಳಿ, ಹಿಂದುಗಡೆ ಡ್ರೈವರುಗಳ ಶೆಡ್ಡಿಗೆ ಕೈ ತೋರಿಸಿದ.

ಜಾಲ್ ಬಂದು ಸರಿಮಾಡಲಿ ಎಂದು ಕೇಕಿ ಗಾಡಿಯ ಪಕ್ಕದಲ್ಲೇ ನಿಂತ. ಜಾಲ್ ಸ್ನಾನಕ್ಕೆ ಹೋಗಿದ್ದ. ಫ್ರೇನಿ ಬಂದು ಕರೆಯಲಿ ಎಂದು ನಿಂತ. ಫ್ರೇನಿ, ಅವನು ಗಾಡಿಯ ಆರೈಕೆಯಲ್ಲಿರಬೇಕೆಂದು ಭಾವಿಸಿ ನಿದ್ದೆ ಹೋಗಿದ್ದಳು. ಮದುವೆಯಾದಾಗಿನಿಂದ ಹಾಗೆಯೇ ಭಾವಿಸಿ ಅವಳಿಗೆ ಅಭ್ಯಾಸವಾಗಿತ್ತು. ಕೊನೆಗೆ ಕೇಕಿಗೆ ಹಟ ಬಂತು. ಸರಿ, ಡ್ರೈವರೇ ಆಗಲಿ ಎಂದು ಶೆಡ್ಡಿಗೆ ಹೋದ.

ಅಲ್ಲಿ ನಾಲ್ಕೈದು ಡ್ರೈವರುಗಳು ಬಿಸಿ ರೋಟಿ, ಹುರಿದ ಬೋಯಿ ಮೀನು ಮುಂದಿಟ್ಟುಕೊಂಡು ಕೂತಿದ್ದರು. ವಯಸ್ಸು ನೋಡಿ ಎದ್ದು ನಿಂತರು. “ಬನ್ನಿ ಕಾಕಾ, ಕೂತ್ಕೊಳ್ಳಿ” ಎಂದು ದಿಂಬು ಕೊಟ್ಟು, ಎಲ್ಲಕ್ಕಿಂತ ದೊಡ್ಡ ಮೀನು ಬಡಿಸಿದರು. ಬೆಳಗಿನಿಂದ ಅವನಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಸೇಠ್ ಹೇಗೆ ಎಂದು ಅವರು ಕೇಳಿದ್ದು ಡ್ರೈವರುಗಳು ಎಲ್ಲೆಡೆ ಕೇಳುವ ಮಾಮೂಲಿ ಪ್ರಶ್ನೆ. ಆದರೆ ಕೇಕಿಯ ಹೊಟ್ಟೆಯಲ್ಲಿ ಒಂದು ತಿಂಗಳಿಂದ ಉರಿಯುತ್ತಿದ್ದದ್ದಕ್ಕೆ ಅದು ಗಾಳಿ ಹಾಕಿದಂತಾಯಿತು.

ಅವನು ಸುಳ್ಳು ಹೇಳಲಿಲ್ಲ. ಅರವತ್ತು ದಾಟಿದ ಮೇಲೂ ಓಡಿಸುತ್ತಿದ್ದೇನೆ ಎಂದ. ತಾವು ಹಿಂದೆ ಮಂಚದ ಮೇಲೆ ಕೂತು ಬಿಸಿಯಾಗಿ ತಿಂದು ನನಗೆ ತಣ್ಣಗಾದದ್ದು ಕೊಡುತ್ತಾರೆ ಎಂದ. ನನ್ನ ಪಕ್ಕ ಕೂರಲು ಒಬ್ಬರಿಗೂ ಮನಸ್ಸಾಗಲಿಲ್ಲ ಎಂದ. ಸಂಬಳ ಎಷ್ಟು ಎಂದು ಒಬ್ಬ ಕೇಳಿದಾಗ, ಸಂಬಳವೇ ಇಲ್ಲ ಎಂದ. ಡ್ರೈವರುಗಳು ರೋಟಿ ಕೆಳಗಿಟ್ಟರು. ಅವರಲ್ಲೊಬ್ಬ ನವಸಾರಿಯ ಟ್ಯಾಕ್ಸಿಯವನು. ಅವನ ಹೆಂಡತಿ ಅದೇ ನಾಜಾಮಾಸಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮಾರನೆಯ ದಿನ ಕೇಕಿ ಮೂವತ್ತರ ವೇಗದಲ್ಲಿ ನವಸಾರಿ ಮುಟ್ಟುವಷ್ಟರಲ್ಲಿ ಸುದ್ದಿ ಮನೆ ಮುಟ್ಟಿ, ಮಸಾಲೆ ಸೇರಿ, ಕುದಿದು ಇಳಿದಿತ್ತು.

ನಾಜಾಮಾಸಿ ಎಂದರೆ ಹಿಡಿಯಷ್ಟು ಮೈ, ಮನೆ ತುಂಬುವಷ್ಟು ದನಿ. ಗಂಡ ಬರ್ಜೋರ್ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವರು ಜಗುಲಿಯ ತೂಗುಮಂಚದ ಮೇಲೆ ಕೂತು ವ್ಯಾನು ಬರುವುದನ್ನೇ ಕಾಯುತ್ತಿದ್ದರು. ಹಾರ ಹಿಡಿದುಕೊಂಡು ಮೆಟ್ಟಿಲೇರಿದ ಜಾಲ್‌ನನ್ನು ದಾಟಿಕೊಂಡು ಅವರ ಕಣ್ಣು ಹಿಂದೆ ಟೋಪಿ ಕೈಯಲ್ಲಿ ಹಿಡಿದು ನಿಂತ ಕೇಕಿಯ ಮೇಲೆ ಬಿತ್ತು.

“ಮೊದಲು ಆ ಮುದುಕನಿಗೆ ಕುರ್ಚಿ ಹಾಕಿ” ಎಂದರು. “ಜಾಲ್, ನೀನು ನಿಂತ್ಕೊ.”

ಆಮೇಲೆ ಅವರು ಜಾಲ್‌ಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಪಾರ್ಸಿ ಮುದುಕಿಯರ ಬೈಗುಳ ಬರವಣಿಗೆಗೆ ಒಗ್ಗುವುದಿಲ್ಲ. ಅದರ ಸಾರಾಂಶವಿಷ್ಟು: ವಾಚಾ ಮನೆತನದಲ್ಲಿ ಮೂರ್ಖರಿದ್ದರು, ಕುಡುಕರಿದ್ದರು, ಆದರೆ ಡ್ರೈವರಿಗೆ ತಣ್ಣನೆ ಅಕೂರಿ ಕೊಟ್ಟವನು ಇವನೇ ಮೊದಲು. ಜಾಲ್ ಬಾಯಿ ತೆರೆದು ನಿಜ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ಕಾರಣವಿತ್ತು, ಅವನು ಕೇಕಿಯನ್ನು ಬಾವಿಯ ಹಿಂದಕ್ಕೆ ಕರೆದುಕೊಂಡು ಹೋಗಿ ಪಿಸುದನಿಯಲ್ಲಿ ತಿಳಿಸಿದ. ಮಾಸಿಯ ಬಳಿ ಒಂದು ಹಳೆಯ ಗಾಡಿಯಿದೆ. ಅದನ್ನು ನನಗೆ ಕೊಡಬೇಕೆಂದು ವರ್ಷಗಳಿಂದ ಕೇಳುತ್ತಿದ್ದೇನೆ. ಡ್ರೈವರ್ ಕೂಡ ಇಲ್ಲದವನಿಗೆ ಗಾಡಿ ಯಾಕೆ ಎನ್ನುತ್ತಿದ್ದರು. ಹಾಗಾಗಿ ಈ ಸಲ ಡ್ರೈವರ್ ಇಟ್ಟಿದ್ದೇನೆಂದು ಮೊದಲೇ ಕಾಗದ ಬರೆದುಬಿಟ್ಟಿದ್ದೇನೆ. ಫ್ರೇನಿಯನ್ನು ತಂದೆ ಕಡೆಯ ತಂಗಿಯೆಂದು ಹೇಳಿದ್ದೇನೆ. ನಾಳೆ ಒಂದು ದಿನ ಸಂಭಾಳಿಸಿಬಿಡು.

ಕೇಕಿಗೆ ಮೈಯೆಲ್ಲ ಉರಿಯಿತು. ಹಿತ್ತಾಳೆ ಗುಂಡಿಯ ಕೋಟನ್ನು ಜಗ್ಗಿ ನೇರಮಾಡಿಕೊಂಡು, ಟೋಪಿ ತಲೆಗೇರಿಸಿ, ಎಲ್ಲರೆದುರು ನಿಜ ಸಾರಿಬಿಡುತ್ತೇನೆಂದು ಜಗುಲಿಯ ಕಡೆ ದಾಪುಗಾಲು ಹಾಕಿದ. ಅಲ್ಲಿ ನಾಜಾಮಾಸಿ ಬೀಗದ ಕೈ ಹಿಡಿದು ನಿಂತಿದ್ದರು. “ಡ್ರೈವರ್, ಬಾ. ನಿನಗೆ ಒಂದು ತೋರಿಸ್ತೀನಿ” ಎಂದರು.

ಹಿತ್ತಲಿನ ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗೆ ನಾಲ್ಕು ಮರದ ದಿಮ್ಮಿಗಳ ಮೇಲೆ, ಸೊಳ್ಳೆಪರದೆಯ ಕೆಳಗೆ, ಒಂದು ಹಂಬರ್ ಸೂಪರ್ ಸ್ನೈಪ್ ನಿಂತಿತ್ತು. ಕಪ್ಪು ಮೈ, ದ್ರಾಕ್ಷಾರಸದ ಬಣ್ಣದ ಚರ್ಮದ ಆಸನ, ಚೌಕಿದಾರನ ಲಾಂದ್ರದಷ್ಟು ದೊಡ್ಡ ದೀಪಗಳು. ಕೇಕಿ ಈ ಗಾಡಿಯನ್ನು ಪತ್ರಿಕೆಗಳಲ್ಲಿ ನೋಡಿದ್ದ. ಅದರ ಎಂಜಿನ್ನಿನ ವಿವರವನ್ನು ಮದುವೆಯ ಮೊದಲ ವಾರದಲ್ಲಿ ಫ್ರೇನಿಗೆ ಹೇಳಿದ್ದ. ಟೋಪಿ ತೆಗೆದ.

“ನಮ್ಮೆಜಮಾನರು ಓಡಿಸ್ತಿದ್ದದ್ದು. ಅವರು ಹೋದ ಮೇಲೆ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ” ಎಂದರು ನಾಜಾಮಾಸಿ. “ಜಾಲ್ ಕೇಳ್ತಿದಾನೆ. ನಿನ್ನನ್ನ ನೋಡಿದ ಮೇಲೆ ಅವನಿಗೇ ಕೊಡೋಣ ಅನ್ಸಿದೆ. ನೀನು ನೋಡ್ಕೋತೀಯಲ್ಲ.”

ವ್ಯಾನು ಬಂದ ದಿನ ಕೇಕಿಗೆ ಆದದ್ದು ಹೊಟ್ಟೆಕಿಚ್ಚೆಂದು ನಾವು ಇಲ್ಲಿಯವರೆಗೆ ಅಂದುಕೊಂಡದ್ದು ತಪ್ಪು. ಅದು ಹೊಗೆ. ಕಿಚ್ಚು ಹತ್ತಿದ್ದು ಈಗ. ಕ್ಲಚ್ಚೆಂದರೆ ತಿಳಿಯದ ಜಾಲ್‌ಗೆ ಹಂಬರ್! ಅವನು ಇದರೊಳಗೂ ಒಲೆ ಹಾಕಿಸಿಯಾನು. ಬೇಸಿನ್ನು ಕೂರಿಸಿಯಾನು. ಕೇಕಿ ನಿಜ ಹೇಳುವುದನ್ನು ಮರೆತ. ಕೋಟು ಬಿಚ್ಚಿ, ತೋಳು ಮಡಚಿ, ಗಾಡಿಯ ಕೆಳಗೆ ನುಗ್ಗಿದ.

ಹುಟ್ಟುಹಬ್ಬದ ಮನೆಯಲ್ಲಿ ಸಿಹಿ ಶಾವಿಗೆಯ ಸೇವ್, ಮೊಸರು, ಮಾಂಸದ ಸಾಲಿ ಬೋಟಿ, ಲಗನ್-ನು-ಕಸ್ಟರ್ಡ್ ಎಲ್ಲ ಆಗಿಹೋಯಿತು. ಕೇಕಿ ಊಟಕ್ಕೆ ಬಂದದ್ದು ಮುಖದ ತುಂಬ ಗ್ರೀಸಿನೊಂದಿಗೆ. ಸೂರತ್‌ನಿಂದ ಹೊಸ ಬ್ಯಾಟರಿ ಬಂತು, ಟೈರು ಬಂತು; ಊರಿನ ಗ್ಯಾರೇಜಿನವನೂ ಅವನೂ ಸೇರಿ ಟ್ಯಾಂಕು ತೊಳೆದರು. ಮುಂಬಯಿಗೆ ಮರಳುವ ದಿನ ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಜಾಲ್ ಹಿಗ್ಗಿ ಹೀರೇಕಾಯಿಯಾಗಿದ್ದ. ತನ್ನ ಗಾಡಿ ಪುಕ್ಕಟೆಯಾಗಿ ತಯಾರಾಗುತ್ತಿದೆಯೆಂದು ದಿನಕ್ಕೆರಡು ಸಲ ಬಂದು, ಕೇಕಿಯ ಕಾಲುಗಳಿಗೆ ಶಹಬಾಸ್ ಹೇಳಿ ಹೋಗುತ್ತಿದ್ದ. ಕಾಲುಗಳ ಹೊರತು ಬೇರೇನೂ ಹೊರಗೆ ಕಾಣುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹಂಬರ್ ಒಮ್ಮೆ ನಡುಗಿ, ಹೊಗೆಯುಗುಳಿ, ಆಮೇಲೆ ಬೆಕ್ಕು ಗುರುಗುಟ್ಟಿದಂತೆ ಮೆಲ್ಲಗೆ ಓಡತೊಡಗಿತು. ನಾಜಾಮಾಸಿ ಸೀರೆ ಬದಲಾಯಿಸಿಕೊಂಡು, ಮುತ್ತಿನ ಸರ ಹಾಕಿಕೊಂಡು ಬಂದು ಹಿಂದೆ ಕೂತರು. ಪಕ್ಕದಲ್ಲಿ ಫ್ರೇನಿ, ಖೋರ್ಶೆದ್. ಜಾಲ್ ಮುಂದೆ ಕೂತ. ದಾಂಡಿಯ ಸಮುದ್ರದ ಕಡೆಗೆ ಹೊರಟರು. ಆ ರಸ್ತೆಯಲ್ಲಿ ಲಾರಿಗಳಿರಲಿಲ್ಲ. ಕೇಕಿ ಮೂವತ್ತರಲ್ಲಿ ಬಿಟ್ಟ. ಜಾಲ್‌ಗೆ ಆತುರ, ಇಂಥ ಎಂಜಿನ್ನನ್ನು ಎಮ್ಮೆಯಂತೆ ಓಡಿಸುತ್ತಿದ್ದೀಯಲ್ಲ, ಇನ್ನೊಂಚೂರು ಒತ್ತು ಎಂದು ಪೀಡಿಸಿದ. ಹಿಂದಿನಿಂದ ನಾಜಾಮಾಸಿಯ ಕೋಲು ಬಂದು ಅವನ ಭುಜಕ್ಕೆ ತಾಗಿತು.

“ಬಾಯಿ ಮುಚ್ಚು. ಬರ್ಜೋರ್ ಹೋದ ಮೇಲೆ ಇಷ್ಟು ನಿಧಾನವಾಗಿ ಯಾರೂ ನನ್ನನ್ನ ಕರ್ಕೊಂಡು ಹೋಗಿಲ್ಲ.”

ಸಮುದ್ರದ ಮುಂದೆ ಗಾಡಿ ನಿಂತಾಗ ಮಾಸಿ ಇಳಿಯಲಿಲ್ಲ. ಗಾಜು ಇಳಿಸಿ ಗಾಳಿಗೆ ಮುಖವೊಡ್ಡಿ ಕೂತಿದ್ದರು. ಆಮೇಲೆ ಕೇಕಿಗೆ ಮಾತ್ರ ಹೇಳುವವರಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು. ಗಾಡಿ ಜಾಲ್‌ಗೆ ಕೊಡುವುದಿಲ್ಲ. ಗಾಡಿ ಇಲ್ಲೇ ಇರಲಿ. ಡ್ರೈವರನೂ ಇಲ್ಲೇ ಇರಲಿ. ಕೊಟ್ಟಿಗೆಯ ಮೇಲೆ ಎರಡು ಕೋಣೆಗಳಿವೆ, ಗಾಳಿ ಚೆನ್ನಾಗಿದೆ. ವಾರಕ್ಕೊಂದು ಸಲ ಉದ್ವಾಡ, ಚಳಿಗಾಲದಲ್ಲಿ ದಹಾಣು, ಆಮೇಲೆ ಪ್ರಾಣವಿದ್ದರೆ ಅಬು ಪರ್ವತ.

ಜಾಲ್‌ಗೆ ಉಸಿರು ಸಿಕ್ಕಿಕೊಂಡಿತು. ಉಸಿರು ಮರಳಿದೊಡನೆ ಅವನು ಇಷ್ಟು ದಿನ ಹೇಳದ ನಿಜವನ್ನು ಒಂದೇ ಸಲಕ್ಕೆ ಹೇಳಿದ. ಇವನು ಡ್ರೈವರೇ ಅಲ್ಲ ಮಾಸಿ, ನನ್ನ ಎದುರು ಮನೆಯವನು, ವಿಮಾ ಕಂಪನಿಯಲ್ಲಿ ಆಫೀಸರಾಗಿದ್ದ, ಪಿಂಚಣಿ ಬರುತ್ತದೆ, ಸ್ವಂತ ಮಾರಿಸ್ ಗಾಡಿಯಿದೆ, ದೇವರಾಣೆ ಎಂದ.

ನಾಜಾಮಾಸಿ ಅವನ ಕಡೆ ಕೋಲು ನೀಡಿದರು. “ಒಳ್ಳೆ ಡ್ರೈವರ್‌ನ ಬಿಟ್ಟುಕೊಡೋಕೆ ಮನಸಿಲ್ಲದೆ ಎಷ್ಟು ಕಥೆ ಕಟ್ತೀಯೋ. ನಂಬಿಕಸ್ಥ ಅಂತ ನೀನೇ ಬರ್ದಿದ್ಯಲ್ಲ.” ಆಮೇಲೆ ಕೇಕಿಯ ಕಡೆ ತಿರುಗಿದರು. “ನೀನು ಹೇಳಪ್ಪ. ನೀನು ಯಾರು?”

ಮಾಸಿ, ಜಾಲ್, ಖೋರ್ಶೆದ್ ಮೂವರ ಕಣ್ಣೂ ಕೇಕಿಯ ಮೇಲಿತ್ತು. ವಾಪಿಯಿಂದ ಇಲ್ಲಿಯವರೆಗೆ ಅವನು ಹೇಳಲು ಹವಣಿಸುತ್ತಿದ್ದ ಮಾತಿಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ. ಅವನು ಸ್ಟೀರಿಂಗಿನ ಮೇಲಿನ ತನ್ನ ಕೈಗಳನ್ನು ನೋಡಿದ. ಕನ್ನಡಿಯಲ್ಲಿ ಫ್ರೇನಿಯನ್ನು ನೋಡಿದ. ಅವಳು ಆಸನಕ್ಕೆ ಒರಗಿ, ಮಂಡಿ ಚಾಚಿ, ಸಮುದ್ರ ನೋಡುತ್ತಿದ್ದಳು. ಈ ಸಮುದ್ರ ವರಳಿಯದಲ್ಲ.

“ಡ್ರೈವರ್, ಬಾಯಿಜಿ” ಎಂದ.

ಸುಳ್ಳು ಎಂದು ಜಾಲ್ ಕೂಗಿದ. ಬೇಕಾದರೆ ಇವನ ಹೆಂಡತಿಯನ್ನೇ ಕೇಳಿ ಎಂದು ಫ್ರೇನಿಯ ಕಡೆ ಬೆರಳು ತೋರಿಸಿದ. ತೋರಿಸಿದ ಮೇಲೆ ಅವನಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಆದರೆ ಬೆರಳು ಆಗಲೇ ಹೊರಗಿತ್ತು.

“ಇವಳು ನಿನ್ನ ತಂಗಿ ಅಂದ್ಯಲ್ಲೋ” ಎಂದರು ಮಾಸಿ ನಿಧಾನವಾಗಿ. ಫ್ರೇನಿಯನ್ನು ನೋಡಿದರು, ಕೇಕಿಯನ್ನು ನೋಡಿದರು. ಲೆಕ್ಕ ಹೊಂದಿತು. “ಅಂದ್ರೆ ತಂಗಿಯ ಗಂಡನ್ನೇ ಸಂಬಳ ಇಲ್ದೆ ಡ್ರೈವರ್ ಮಾಡ್ಕೊಂಡಿದೀಯ. ತಂಗಿ ಮುಂದೇನೇ. ಗಾಡಿಯಿಂದ ಇಳಿ.”

ದಾಂಡಿಯಿಂದ ನವಸಾರಿಗೆ ಜಾಲ್ ಬಸ್ಸಿನಲ್ಲಿ ಬಂದ. ಫ್ರೇನಿ ಆ ಸಂಜೆ ಕೊಟ್ಟಿಗೆಯ ಮೇಲಿನ ಕೋಣೆಗಳನ್ನು ನೋಡಿಬಂದಳು. ಕಿಟಕಿ ಎರಡು ಕಡೆ ಇದೆ, ಪರದೆ ನಾನೇ ಹೊಲಿದುಕೊಳ್ಳುತ್ತೇನೆ ಎಂದಷ್ಟೇ ಹೇಳಿದಳು. ಸಂಬಳದ ಮಾತು ಬಂದಾಗ ಕೇಕಿ ಬೇಡವೆಂದ. ಜಾಲ್ ಇವನಿಗೆ ಸಂಬಳ ಕೇಳುವ ಅಭ್ಯಾಸವನ್ನೇ ತಪ್ಪಿಸಿಬಿಟ್ಟಿದ್ದಾನೆಂದು ನಾಜಾಮಾಸಿ ಕಣ್ಣೊರೆಸಿಕೊಂಡರು.

ವ್ಯಾನನ್ನು ಮುಂಬಯಿಗೆ ಒಯ್ಯಲು ಜಾಲ್ ನಿಜವಾದ ಡ್ರೈವರೊಬ್ಬನನ್ನು ಗೊತ್ತುಮಾಡಬೇಕಾಯಿತು. ಅವನು ಟೋಪಿ ಹಾಕುವವನಲ್ಲ. ಹಾಡು ಜೋರಾಗಿ ಹಾಕಿಕೊಂಡು, ಲಾರಿಗಳ ನಡುವೆ ಸೂಜಿ ತೂರಿದಂತೆ ಗಾಡಿ ತೂರಿಸಿ, ಊಟದ ಹೊತ್ತಿಗೆ ದಾದರ್ ತಲುಪಿಸಿದ. ಹಿಂದೆ ಮಂಚದ ಕಾಲುಗಳನ್ನು ತಬ್ಬಿಕೊಂಡು ಬಂದ ಜಾಲ್, ಖೋರ್ಶೆದ್ ಇಬ್ಬರೂ ಆ ದಿನ ಊಟಮಾಡಲಿಲ್ಲ. ಪಿಂಗಾಣಿಯ ಒಂದು ತಟ್ಟೆಯೂ ಉಳಿದಿರಲಿಲ್ಲ.

ಇತ್ತ ಕಾಲೊನಿಗೆ ಕೇಕಿಯಿಂದ ಪೋಸ್ಟ್ ಕಾರ್ಡುಗಳು ಬರತೊಡಗಿದವು. ರಿಟೈರಾದ ಮೇಲಿನ ಪ್ರವಾಸ ಕೊನೆಗೂ ಶುರುಮಾಡಿದ್ದೇನೆ. ಮಾರಿಸ್ ಬದಲು ಹಂಬರ್ ಆರಿಸಿಕೊಂಡೆ. ಉದ್ವಾಡದಲ್ಲಿ ಮೀನು ಚೆನ್ನಾಗಿತ್ತು. ಮಾರಿಸ್‌ನ ಹೊದಿಕೆ ಗಾಳಿಗೆ ಹಾರದಂತೆ ಯಾರಾದರೂ ನೋಡಿಕೊಳ್ಳಿ. ಬೆಂಚಿನವರು ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ ಓದಿ, ತಲೆಯೆತ್ತಿ ವ್ಯಾನಿನ ಕಡೆ ನೋಡುತ್ತಿದ್ದರು. ಅದು ಇದ್ದಲ್ಲೇ ಇತ್ತು. ಬೆಕ್ಕೊಂದು ಅದರ ಕೆಳಗೆ ಮರಿ ಹಾಕಿತ್ತು. ನಿಜ ಹೇಳಿದರೂ ಯಾರೂ ನಂಬದ ಸ್ಥಿತಿಗೆ ಜಾಲ್ ಬಂದಿದ್ದ. ಕೇಕಿ ಡ್ರೈವರ್ ಕೆಲಸಕ್ಕಿದ್ದಾನೆ ಎಂದು ಅವನು ಹೇಳಿದಾಗಲೆಲ್ಲ ಜನ, ಹೊಟ್ಟೆಕಿಚ್ಚು ಒಳ್ಳೆಯದಲ್ಲ ಜಾಲ್ ಎಂದು ಬುದ್ಧಿ ಹೇಳಿದರು. ಡಾಕ್ಟರು ಅವನ ನಾಲಿಗೆಯನ್ನೂ ನೋಡಿದರು.

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಜಾಲ್ ರೈಲಿಳಿದು ನಾಜಾಮಾಸಿಯ ಮನೆಗೆ ಬಂದ. ಮಾಸಿಯ ಕಾಲು ಮುಟ್ಟಿ ತಪ್ಪಾಯಿತೆಂದ. ಅವರು ತಿಂಡಿ ಕೊಟ್ಟು ತೂಗುಮಂಚಕ್ಕೆ ಮರಳಿದರು. ಅಂಗಳದಲ್ಲಿ ಹಂಬರ್ ನಿಂತಿತ್ತು. ಅಬು ಪರ್ವತಕ್ಕೆ ಹೊರಡುವ ಸಿದ್ಧತೆ ನಡೆದಿತ್ತು. ಫ್ರೇನಿ ಬುಟ್ಟಿಗೆ ಊಟ ತುಂಬುತ್ತಿದ್ದಳು. ಕೇಕಿ ಬಾಗಿ ಮುಂದಿನ ದೀಪ ಒರೆಸುತ್ತಿದ್ದ. ಜಾಲ್ ಗಾಡಿಯ ಸುತ್ತ ಒಂದು ಸುತ್ತು ಬಂದ, ಎರಡು ಸುತ್ತು ಬಂದ. ಕೊನೆಗೆ ಮಾಸಿಯ ತೂಗುಮಂಚದ ಬಳಿ ಹೋಗಿ, ಇಷ್ಟು ದೊಡ್ಡ ಪ್ರಯಾಣಕ್ಕೆ ಡ್ರೈವರ್ ಒಬ್ಬನೇ ಸಾಲದು, ಗಾಜು ಒರೆಸಲು, ನೀರು ಹಾಕಲು ಒಬ್ಬ ಕ್ಲೀನರ್ ಬೇಕಾಗುತ್ತದೆ, ಮುಂದೆ ಡ್ರೈವರ್ ಪಕ್ಕದಲ್ಲಿ ಜಾಗ ಖಾಲಿಯಿದೆ ಎಂದು ನೆಲ ನೋಡುತ್ತ ಹೇಳಿದ.

ನಾಜಾಮಾಸಿ ಯೋಚಿಸಿ, “ಗಾಡಿ ನನ್ನದಾದ್ರೂ ಜವಾಬ್ದಾರಿ ಅವನದು. ಅವನನ್ನ ಕೇಳು” ಎಂದರು.

ಜಾಲ್ ಕೇಕಿಯ ಮುಂದೆ ಬಂದು ನಿಂತ. ಕೇಕಿ ಆತುರಪಡಲಿಲ್ಲ. ಒರೆಸುವ ಬಟ್ಟೆಯನ್ನು ಕೊಡವಿ ಭುಜಕ್ಕೆ ಹಾಕಿಕೊಂಡು, ಹಳೆಯ ಗಾಡಿ ಕೊಳ್ಳಲು ಬಂದವನಂತೆ ಜಾಲ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಎರಡೂ ಕೈ ಮುಂದೆ ಚಾಚಲು ಹೇಳಿದ. ಅಂಗೈ ನೋಡಿದ, ತಿರುಗಿಸಿ ನೋಡಿದ.

“ಆ ಉಂಗುರ ತೆಗಿಬೇಕು” ಎಂದ. “ಬಣ್ಣ ಗೀಚುತ್ತೆ.”

ಉಂಗುರ ಮದುವೆಯಲ್ಲಿ ಹಾಕಿದ್ದು. ಅಲ್ಲಿಂದೀಚೆಗೆ ಬೆರಳು ದಪ್ಪಗಾಗಿತ್ತು. ಜಾಲ್ ಎಳೆದ, ತಿರುಚಿದ, ಬರಲಿಲ್ಲ. ಫ್ರೇನಿ ಒಳಗಿನಿಂದ ಸಾಬೂನು ತಂದುಕೊಟ್ಟಳು. ಕೇಕಿ ಹಂಬರ್ ಚಾಲೂ ಮಾಡಿ ಕೂತ. ಹಿಂದಿನ ಆಸನದಲ್ಲಿ ಹೆಂಗಸರಿಬ್ಬರೂ ಕೂತು, ಗಾಜಿಳಿಸಿ, ಬಾವಿಕಟ್ಟೆಯ ಹತ್ತಿರ ಮೊಣಕೈವರೆಗೆ ನೊರೆ ಮಾಡಿಕೊಂಡು ಬೆರಳು ಎಳೆಯುತ್ತಿದ್ದ ಕ್ಲೀನರ್‌ಗಾಗಿ ಕಾದರು.